ತಲಪರಿಗೆ ಸೀಮೆಯ ಮನೆವಾರ್ತೆ

ನಮ್ಮ ಇತಿಹಾಸ ಗ್ರಂಥಗಳು ಅರಮನೆಯ ಬೊಕ್ಕಸದ ಲೆಕ್ಕವನ್ನು ವಿವರಿಸುವಷ್ಟು ಆಸ್ಥೆಯಿಂದ ಒಕ್ಕಲಿನ ಕಣಜದ ಲೆಕ್ಕವನ್ನು ವಿವರಿಸುವುದಿಲ್ಲ. ಶಿರಾ ಎಂದೊಡನೆ ಮೊಗಲರ ಸುಬಾ, ದಿಲಾವರ್ ಖಾನ್, ಹೈದರನ ದಂಡು ನೆನಪಿಗೆ ಬರುತ್ತವೆ. ಮಧುಗಿರಿ ಎಂದೊಡನೆ ಆ ಮಹಾ ಏಕಶಿಲೆಯೂ ಅದರ ಮೇಲಣ ಕೋಟೆಯೂ ಕಣ್ಣೆದುರು ನಿಲ್ಲುತ್ತವೆ. ಆ ಕೋಟೆಯ ಅಡಿಯಲ್ಲಿ ರಾಗಿ ಬಿತ್ತಿ ಬದುಕಿದ ಸಂಸಾರಗಳು ಮಳೆ ಹೋದ ವರ್ಷವನ್ನು ದಾಟಿದ ಬಗೆ ಹೇಗೆ? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಹಳಬರು ಇದನ್ನು 'ಮನೆವಾರ್ತೆ' ಎಂದು ಕರೆದರು. ಇಂದು ನಾವು ಆಯವ್ಯಯ ಎನ್ನುತ್ತೇವೆ. ಆದರೆ ಆ ಮಾತಿನಲ್ಲಿ ಒಂದೇ ವರ್ಷದ ಲೆಕ್ಕವಿದೆ. ಮನೆವಾರ್ತೆಯಲ್ಲಿ ಹಲವು ವರ್ಷಗಳ ಲೆಕ್ಕವಿತ್ತು.

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ತುಮಕೂರು ಸೀಮೆಯ ಉತ್ತರ ಹಾಗೂ ಈಶಾನ್ಯ ಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಳೆಯ ಮಟ್ಟಿಗೆ ಬಡವಾದವು. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆಯಾದರೂ ವರ್ಷದ ಬಹುಭಾಗ ಅದು ಬರಿಯ ಮರಳಿನ ಹಾಸು. ವಿಚಿತ್ರವೆಂದರೆ ಆ ಮರಳೇ ಈ ಸೀಮೆಯ ಭಾಗ್ಯವಾಗಿತ್ತು. ಮರಳು ಮಿಶ್ರಿತ ನೆಲವನ್ನು ಕೆಲವೇ ಅಡಿ ತೋಡಿದರೆ ಊಟೆಯೊಡೆದು ನೀರು ಬರುತ್ತಿತ್ತು. ಕೆಲವೆಡೆ ತಾನಾಗಿಯೇ ಮೇಲಕ್ಕೆ ಉಕ್ಕುತ್ತಿತ್ತು. ಇದೇ ತಲಪರಿಗೆ. ರೈಸ್ ಅವರ ಮೈಸೂರು ಗ್ಯಾಸೆಟಿಯರು ತಲಪರಿಗೆಗಳನ್ನು ಹೆಸರಿಸಿ ವಿವರಿಸಿರುವುದು ಗಮನಾರ್ಹ. ನೀರನ್ನು ಕಾಲುವೆ ಮಾಡಿ ಹೊಲಕ್ಕೆ ಹರಿಸುತ್ತಿದ್ದರು, ಇಲ್ಲವೆ ಏತ ಕಪಿಲೆಗಳಿಂದ ಎತ್ತುತ್ತಿದ್ದರು. ಹೂಳು ತೆಗೆಯುವುದು ಅಚ್ಚುಕಟ್ಟಿನವರೆಲ್ಲರ ಕೆಲಸ. ನೀರು ಬಿಡುವುದು ಸರದಿಯಂತೆ. ತಲಪರಿಗೆಯ ನೀರು ಕಣ್ಣಿಗೆ ಕಾಣುವ ನೀರು. ಊಟೆ ಸೊರಗಿದ ವರ್ಷ ತೋಟದ ವಿಸ್ತಾರವನ್ನು ಕುಗ್ಗಿಸಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಷ್ಟರಿಂದಲೇ ಸಂಸಾರ ನಡೆಯಿತೆಂದು ಭಾವಿಸಬಾರದು. ನೀರಾವರಿಯ ತುಣುಕು ಚಿಕ್ಕದು. ಬದುಕು ನಿಂತಿದ್ದುದು ಬೆದ್ದಲಿನ ಮೇಲೆ. ಬೆದ್ದಲಿನ ಮನೆ ದೀರ್ಘಕಾಲ ಉಳಿದುದಕ್ಕೆ ಕಾರಣವನ್ನು ಅದರ ವರಮಾನದಲ್ಲಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ವರಮಾನ ಎಂದೂ ಸ್ಥಿರವಾಗಿರಲಿಲ್ಲ. ಕಾರಣವಿರುವುದು ಖರ್ಚಿನಲ್ಲಿ. ವರಮಾನದೊಡನೆ ಖರ್ಚೂ ಏರಿ ಇಳಿಯುತ್ತಿತ್ತು.

ಕಣದ ದೃಶ್ಯವನ್ನು ನೆನೆದರೆ ಇದು ವಿಶದವಾಗುತ್ತದೆ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ನೀರುಗಂಟಿ, ತಳವಾರ, ತೋಟಿ ಮೊದಲಾದ ಆಯಗಾರರಿಗೆ ಒಕ್ಕಲು ವರ್ಷವಿಡೀ ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ 'ಆಯ'ವನ್ನು ಅಳೆದು ಕೊಡುತ್ತಿದ್ದನು. ನೇಗಿಲ ಕುಳ ಹಣಿಸಿದ ಲೆಕ್ಕ, ಮಡಕೆಯ ಲೆಕ್ಕ, ಮಡಿಯ ಲೆಕ್ಕ ಎಲ್ಲವೂ ರಾಶಿಯ ಬಳಿಯಲ್ಲಿ ತೀರುತ್ತಿತ್ತು. ಹತ್ತು ಖಂಡುಗದ ರಾಶಿಯಿಂದ ಹೊರಹೋಗುವ ಕೊಳಗಗಳ ಸಂಖ್ಯೆ ಎರಡು ಖಂಡುಗದ ರಾಶಿಯಿಂದ ಹೊರಹೋಗುತ್ತಿರಲಿಲ್ಲ. (ಖಂಡುಗಕ್ಕೆ 20 ಕೊಳಗ.) ಈ ಪದ್ಧತಿಯನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ: ರಾಶಿ ಕುಗ್ಗಿದಾಗ ಕೊನೆಗೆ ಕೈ ಚಾಚುತ್ತಿದ್ದವನು ತೋಟಿ, ಅವನ ಪಾಲಿಗೆ ಬರುತ್ತಿದ್ದುದು ಕಣದ ಮಣ್ಣು ಕೂಡಿದ ಕಾಳು. ಒಕ್ಕಲಿನ ಆಯವ್ಯಯ ಸರಿದೂಗಿದ ವರ್ಷವೇ ಅವನ ಮನೆಯಲ್ಲಿ ಒಲೆ ಆರಿರಬಹುದು.

ಇನ್ನು ಉಳಿತಾಯದ ಮಾತು. ರಾಗಿಯ ಕಾಳು ಸಣ್ಣದು, ಹುಳು ಹತ್ತುವುದು ಕಡಿಮೆ. ವರ್ಷಗಟ್ಟಲೆ ಇಟ್ಟರೂ ಕೆಡದು. ಆದ್ದರಿಂದಲೇ ಹಗೇವು ಎಂಬ ನೆಲದಡಿಯ ಕಣಜ ಈ ಸೀಮೆಗೆ ಒಗ್ಗಿತು. ಗಟ್ಟಿ ನೆಲವನ್ನು ಆರಿಸಿ, ಬಾಯಿ ಕಿರಿದು ಹೊಟ್ಟೆ ಹಿರಿದಾಗಿ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಕಲ್ಲುಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದರೆ ಮುಗಿಯಿತು. ತೆಗೆಯುವುದು ಮಾತ್ರ ಅಷ್ಟು ಸುಲಭವಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಾಯಿ ತೆರೆದು ಬಿಡಬೇಕು. ದೀಪವನ್ನು ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅವಸರಪಟ್ಟು ಇಳಿದು ಪ್ರಾಣ ಬಿಟ್ಟವರಿದ್ದಾರೆ. ಹೀಗೆ ತೆರೆಯುವುದೇ ಒಂದು ಸಾಹಸವಾದ್ದರಿಂದ ಹಗೇವಿನ ರಾಗಿ ದಿನಬಳಕೆಗೆ ಬರುತ್ತಿರಲಿಲ್ಲ. ದಿನಬಳಕೆಗೆ ವಾಡೆಯೂ ಗುಡಾಣವೂ ಇದ್ದವು. ಕೈಗೆ ಸುಲಭವಾಗಿ ಎಟುಕದ ಉಳಿತಾಯವೇ ಉಳಿಯುವ ಉಳಿತಾಯವೆಂಬ ಮರ್ಮವನ್ನು ಆ ಜನ ಮಣ್ಣಿನಲ್ಲಿ ತೋಡಿಟ್ಟಿದ್ದರು.

ವಾಡೆಯ ಲೆಕ್ಕ ಹೆಂಗಸರದು. ಸುಗ್ಗಿಯ ದಿನಗಳಲ್ಲಿ ಮುದ್ದೆ, ಬೇಸಗೆ ಬಂದಂತೆ ಅಂಬಲಿ. ಹುರುಳಿ ಅವರೆಗಳು ತೀರಿದರೆ ಬೇಲಿಯ ಸೊಪ್ಪು. ಅಳೆಯುವ ಕೈ ಮನೆಯೊಡತಿಯದಾಗಿತ್ತು ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಆಕೆ. ಈ ಪ್ರಸಂಗವನ್ನು ಆಧ್ಯಾತ್ಮಿಕವಾಗಿ ವಿವರಿಸುವುದು ವಾಡಿಕೆ, ಅದು ಯುಕ್ತವೂ ಹೌದು. ಆದರೆ ಮನೆಗೆ ಇಂದು ಎಷ್ಟು ಬೇಕೆಂಬುದನ್ನು ಪಾವಿನ ಮಟ್ಟಕ್ಕೆ ಬಲ್ಲವಳಲ್ಲದೆ ಅನ್ಯರು 'ಇದು ಹೆಚ್ಚಾಯಿತು' ಎಂದು ಹೇಳಲಾರರು.

ಕುರಿಯ ಮಂದೆಯೂ ಒಂದು ಬಗೆಯ ನಡೆದಾಡುವ ಹಗೇವೇ. ಆದರೆ ಬರದಲ್ಲಿ ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಅದಕ್ಕೆ ಬೆಲೆಯಿಲ್ಲ. ರಾಗಿಗೆ ಆಗ ಬೆಲೆ ಏರುತ್ತದೆ.

ಈ ಏರಿಳಿಯುವ ವ್ಯವಸ್ಥೆಯೊಳಕ್ಕೆ ಏರಿಳಿಯದ ಒಂದು ಖರ್ಚು ಬಲವಾಗಿ ಬಂದುದು 19ನೆಯ ಶತಮಾನದಲ್ಲಿ. ಬೆದ್ದಲಿಗೆ ಹಣದ ಕಂದಾಯ ಹಿಂದೆಯೂ ಇತ್ತು. ತರಿ ಭೂಮಿಯಲ್ಲಿ ಸರ್ಕಾರವೂ ಬಟಾಯಿಯಾಗಿ ಬೆಳೆಯ ಪಾಲನ್ನೇ ಪಡೆಯುತ್ತಿತ್ತು. ಕಮಿಷನರುಗಳ ಆಳ್ವಿಕೆಯಲ್ಲಿ ಬಟಾಯಿ ಹಿಂದೆ ಸರಿಯಿತು. 1863ರಲ್ಲಿ ಆರಂಭವಾದ ಭೂಮಾಪನದ ತರುವಾಯ ಕಂದಾಯವು ಮೂವತ್ತು ವರ್ಷಗಳಿಗೆ ಗೊತ್ತಾಗತೊಡಗಿತು. ಬಟಾಯಿಯಲ್ಲಿ ಅಧಿಕಾರಿಗಳ ಕಿರುಕುಳ ಬಹಳವಿತ್ತಾದ್ದರಿಂದ ಹೊಸ ಕ್ರಮವನ್ನು ಅನೇಕರು ಸ್ವಾಗತಿಸಿರಬೇಕು. ಕೊಡಬೇಕಾದುದು ಇಷ್ಟೇ ಎಂದು ತಿಳಿದಿರುವುದು ಒಂದು ನೆಮ್ಮದಿಯೇ ಸರಿ. ಕಂದಾಯ ಗೊತ್ತಾಯಿತು, ಮಳೆ ಮಾತ್ರ ಗೊತ್ತಾಗಲಿಲ್ಲ. ಕಂದಾಯದ ಕಂತಿಗೆ ರೊಕ್ಕ ಹೊಂದಿಸಲು ಸುಗ್ಗಿಯಲ್ಲೇ, ಧಾರಣೆ ಇಳಿದಿರುವಾಗಲೇ, ರಾಗಿ ಮಾರಬೇಕಾದವನ ಹಗೇವು ತುಂಬುವುದು ಹೇಗೆ?

1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಕೈಕೊಟ್ಟಿತು. ಒಂದು ಬರವನ್ನು ದಾಟಿಸುವಂತೆ ರೂಪುಗೊಂಡಿದ್ದ ಮನೆವಾರ್ತೆ ಎರಡನೆಯದಕ್ಕೆ ಸೋತಿತು. ಹಗೇವಿಲ್ಲದವರು ಮೊದಲು ಹೋದರು, ಇದ್ದವರು ಆಮೇಲೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಸಂಸ್ಥಾನದ ಮನೆವಾರ್ತೆಯೂ ಉಳಿಯಲಿಲ್ಲ: 1881ರಲ್ಲಿ ಚಾಮರಾಜ ಒಡೆಯರಿಗೆ ರಾಜ್ಯ ಮರಳಿದಾಗ ಅದರ ಬೆನ್ನಿಗೆ 80 ಲಕ್ಷ ರೂಪಾಯಿ ಸಾಲವಿತ್ತು.

ಬರದ ಅನಂತರ ಹಗೇವಿನ ಸ್ಥಾನಕ್ಕೆ ಬಂದದ್ದು ಸಾಹುಕಾರನ ಪುಸ್ತಕ. ಸಾಲ ತೀರದ ಮನೆ ಮಗನನ್ನು ಜೀತಕ್ಕಿಟ್ಟು ಲೆಕ್ಕ ಸರಿಮಾಡುತ್ತಿತ್ತು. 1905ರ ಸಹಕಾರ ಸಂಘಗಳ ಶಾಸನ, 1928ರ ರೈತ ಸಾಲ ಪರಿಹಾರ ಶಾಸನ, ದೇವರಾಜ ಅರಸರ ಕಾಲದ ಋಣಪರಿಹಾರ ಶಾಸನ, 1976ರ ಜೀತವಿಮುಕ್ತಿ ಶಾಸನ ಇವೆಲ್ಲ ಆ ಪುಸ್ತಕವನ್ನು ಮುಚ್ಚಿಸಲು ನಡೆದ ಯತ್ನಗಳು. ಶಾಸನಗಳ ಪಟ್ಟಿಯಲ್ಲಿ ಸೇರದ ಒಂದು ನೆರವನ್ನೂ ಇಲ್ಲಿ ಹೇಳಬೇಕು. ಓದುವ ಹುಡುಗನೊಬ್ಬನಿಗೆ ಮಠದಲ್ಲಿ ಅನ್ನವೂ ವಸತಿಯೂ ದೊರೆತರೆ ಬೆದ್ದಲಿನ ಮನೆಗೆ ವರ್ಷಕ್ಕೆ ಖಂಡುಗಗಟ್ಟಲೆ ರಾಗಿ ಉಳಿದಂತೆ. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಿದ್ಧಗಂಗೆಯ ದಾಸೋಹವು ಎಷ್ಟೋ ಮನೆಗಳ ಲೆಕ್ಕದಲ್ಲಿ ಹೀಗೆ ಬರೆಯದ ಜಮೆಯಾಗಿ ನಿಂತಿತು.

ಕೊಳವೆಬಾವಿ ಬಂದ ಮೇಲೆ ತಲಪರಿಗೆಗಳು ಬಹುಮಟ್ಟಿಗೆ ಬತ್ತಿದವು. ಕೊಳವೆಬಾವಿಯ ನೀರು ಕಣ್ಣಿಗೆ ಕಾಣುವುದಿಲ್ಲ. ಬತ್ತುವ ದಿನದವರೆಗೂ ಅದು ತುಂಬಿದಂತೆಯೇ ತೋರುತ್ತದೆ, ಬತ್ತಿದ ಮೇಲೂ ಅದರ ಸಾಲದ ಕಂತು ಬತ್ತುವುದಿಲ್ಲ.

ಈಗ ಪಾವಗಡದ ತಿರುಮಣಿ ಮುಂತಾದ ಐದು ಗ್ರಾಮಗಳಲ್ಲಿ ಇದರ ವಿಲೋಮವೊಂದು ನಡೆದಿದೆ. 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಕ್ಷೇತ್ರಕ್ಕೆ ಸುಮಾರು 13,000 ಎಕರೆ ಭೂಮಿ ಗುತ್ತಿಗೆಗೆ ಹೋಯಿತು. ಗುತ್ತಿಗೆಯ ಹಣ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರಿಕೆ. ಮಳೆಗೆ ಅಂಜದ ವರಮಾನ ಈ ನೆಲಕ್ಕೆ ಬಂದುದು ಅಪೂರ್ವ. ಆದರೆ ಹಳೆಯ ರೀತಿಯಲ್ಲಿ ಲೆಕ್ಕ ಹಾಕಿ ನೋಡೋಣ. 24 ವರ್ಷಗಳಲ್ಲಿ ಆ 21,000 ಸುಮಾರು 37,700 ಆಗುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ದೊರೆತ ಸಾಮಾನಿಗೆ ಆಗ 67,000ಕ್ಕೂ ಮಿಕ್ಕು ಬೇಕಾಗುತ್ತದೆ. ಕಂದಾಯದ ಕಾಲದಲ್ಲಿ ಖರ್ಚು ನಿಂತು ವರಮಾನ ಅಲುಗಾಡಿತು. ಇಲ್ಲಿ ವರಮಾನ ಬಹುತೇಕ ನಿಂತಿದೆ, ಖರ್ಚು ನಡೆಯುತ್ತಿದೆ. ಹಣ ಬಂದ ವರ್ಷವೇ ಅದರಲ್ಲೊಂದು ಭಾಗವನ್ನು ಕೈಗೆಟುಕದ ಕಡೆ ಇಟ್ಟ ಮನೆಗೂ ಇಡದ ಮನೆಗೂ ಅಂತರ ಈಗ ತೋರದು.

ಭೂಮಿಯಿಲ್ಲದ ಕೂಲಿಯವನಿಗಾದರೋ ಗುತ್ತಿಗೆಯ ಪತ್ರವಿಲ್ಲ. ಹೊಲ ಹೋದ ಮೇಲೆ ಕಳೆ ಕೀಳುವ ಕೂಲಿಯಿಲ್ಲ, ಕುರಿ ಮೇಯಿಸುವ ಬೀಳಿಲ್ಲ. ಆಯ ಕೇಳಲು ಹೋಗೋಣವೆಂದರೆ ಅಲ್ಲಿ ಕಣವೂ ಇಲ್ಲ.