ಕ್ಯಾಮೆರಾ ಯಾರ ಕೈಯಲ್ಲಿದೆ?

ಲಂಡನ್ನಿನ ಜೋ ಸ್ಪೆನ್ಸ್ ಮದುವೆಯ ಫೋಟೋ, ಕುಟುಂಬದ ಫೋಟೋ ತೆಗೆದು ಬದುಕಿದವರು. ಎದುರಿಗೆ ಕೂತವರನ್ನು ಇದ್ದದ್ದಕ್ಕಿಂತ ಚೆನ್ನಾಗಿ ಕಾಣಿಸುವುದು ಆ ಕಸುಬಿನ ಗುಟ್ಟು. 1982ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಸ್ಪತ್ರೆಯಲ್ಲಿ ಯುವ ವೈದ್ಯನೊಬ್ಬ ವಿದ್ಯಾರ್ಥಿಗಳ ಜೊತೆ ಬಂದು ಎಡ ಸ್ತನದ ಮೇಲ್ಭಾಗದಲ್ಲಿ ಶಾಯಿಯಿಂದ ಕ್ರಾಸ್ ಗುರುತು ಹಾಕಿದ. ಸ್ತನವನ್ನು ಪೂರ್ತಿ ತೆಗೆಯಲು ಹಾಕಿದ ಗುರುತು ಅದು. ಸ್ಪೆನ್ಸ್ ಒಪ್ಪಲಿಲ್ಲ.

ಶಸ್ತ್ರಚಿಕಿತ್ಸೆಗೆ ಹೋಗುವ ಮುಂಚೆ ಅವರು ತಮ್ಮ ಸ್ತನದ ಮೇಲೆ ‘ಜೋ ಸ್ಪೆನ್ಸ್‌ ಸ್ವತ್ತು?’ ಎಂದು ಬರೆದುಕೊಂಡು, ಸಂಗಾತಿ ಟೆರಿ ಡೆನೆಟ್ ಜೊತೆಗೂಡಿ ಫೋಟೋ ತೆಗೆಸಿದರು. ತನ್ನ ದೇಹದ ಮೇಲೆ ತನಗೂ ಹಕ್ಕಿದೆ ಎಂಬ ನೆನಪಿಗೆ ಅದನ್ನು ಆಸ್ಪತ್ರೆಗೂ ಒಯ್ದರು. ಆ ಚಿತ್ರದ ಜೀವಾಳ ಇರುವುದು ಕೊನೆಯ ಪ್ರಶ್ನಾರ್ಥಕ ಚಿಹ್ನೆಯಲ್ಲಿ. ಅದನ್ನು ತೆಗೆದುಬಿಟ್ಟರೆ ಬರೀ ಘೋಷಣೆ ಉಳಿಯುತ್ತದೆ.

ಆ ಪ್ರಶ್ನೆಗೆ ನೂರು ವರ್ಷಗಳ ಹಿನ್ನೆಲೆಯಿದೆ. 1880ರ ದಶಕದಿಂದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿ ಎಲ್ಲವನ್ನೂ ತೆಗೆಯುತ್ತಿದ್ದರು. 1970ರ ದಶಕದವರೆಗೂ ಗಂಟಿನ ಪರೀಕ್ಷೆ ಮತ್ತು ಸ್ತನ ತೆಗೆಯುವುದು ಎರಡೂ ಒಂದೇ ಅರಿವಳಿಕೆಯಲ್ಲಿ ಮುಗಿಯುತ್ತಿದ್ದುದು ಸಾಮಾನ್ಯ. ಎಚ್ಚರವಾದಾಗ ಸ್ತನ ಇರುತ್ತದೋ ಇಲ್ಲವೋ ಎಂಬುದು ಮಲಗುವ ಹೆಂಗಸಿಗೆ ಗೊತ್ತಿರುತ್ತಿರಲಿಲ್ಲ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಈ ಎರಡು ಹಂತಗಳನ್ನು ಬೇರೆ ಮಾಡಬೇಕೆಂದು ಹೇಳಿತು. 1981ರಲ್ಲಿ ಇಟಲಿಯ ಉಂಬರ್ತೊ ವೆರೊನೇಸಿ, ಸಣ್ಣ ಗಡ್ಡೆಗಳಿದ್ದಾಗ ಸ್ತನವನ್ನು ಉಳಿಸಿ ವಿಕಿರಣ ಚಿಕಿತ್ಸೆ ಕೊಟ್ಟರೂ ಬದುಕುಳಿಯುವ ಪ್ರಮಾಣ ಅಷ್ಟೇ ಎಂದು ತೋರಿಸಿದರು. ಅಂದರೆ ಸ್ಪೆನ್ಸ್ ಕೇಳಿದ್ದು ಹಟಕ್ಕೆ ಕೇಳಿದ ಪ್ರಶ್ನೆಯಲ್ಲ. ಆದರೆ ಗಂಟು ತೆಗೆಸಿದ ಮೇಲೆ ಅವರು ಚೀನೀ ವೈದ್ಯದ ಕಡೆ ಹೊರಳಿದರು. ಅವರ ಪ್ರಶ್ನೆಯನ್ನು ಮೆಚ್ಚಿದವರೆಲ್ಲ ಈ ದಾರಿಯನ್ನೂ ಮೆಚ್ಚಬೇಕಾಗಿಲ್ಲ. 1992ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು.

ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅದಕ್ಕೂ ಮೊದಲೇ ಬಂದಿತ್ತು. 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಸ್ತನ ತೆಗೆಸಿಕೊಂಡದ್ದನ್ನು ಬಚ್ಚಿಡಲಿಲ್ಲ. ಪರೀಕ್ಷೆಗೆ ಬರುವ ಹೆಂಗಸರ ಸಾಲು ಬೆಳೆಯಿತು. ಆದರೆ ಪತ್ರಿಕೆಗಳ ಫೋಟೋಗಳಲ್ಲಿ ಕಂಡದ್ದು ಅವರ ನಗುಮುಖ ಮಾತ್ರ. ಗಾಯ ಬಟ್ಟೆಯ ಒಳಗೇ ಉಳಿಯಿತು.

ಆ ಬಟ್ಟೆಯನ್ನು ಸರಿಸಿದವರು ಲೇಖಕಿ ಡೀನಾ ಮೆಟ್ಜ್‌ಗರ್. 1977ರಲ್ಲಿ ಒಂದು ಸ್ತನ ಕಳೆದುಕೊಂಡ ಅವರು ಗಾಯದ ಗೆರೆಯ ಮೇಲೆ ಎಲೆಬಳ್ಳಿಯ ಹಚ್ಚೆ ಹಾಕಿಸಿಕೊಂಡರು. ಬರಿಮೈಯಲ್ಲಿ ಎರಡೂ ತೋಳು ಚಾಚಿ ಆಕಾಶದ ಕೆಳಗೆ ನಿಂತ ಅವರನ್ನು ಹೆಲ್ಲಾ ಹ್ಯಾಮಿಡ್ ಸೆರೆಹಿಡಿದರು. ಆ ಚಿತ್ರ ಪೋಸ್ಟರ್ ಆಗಿ ಕೈಯಿಂದ ಕೈಗೆ ದಾಟಿತು. ಸ್ಪೆನ್ಸ್‌ರ ಚಿತ್ರ ಜಗಳ ತೆಗೆಯುತ್ತದೆ, ಇದು ಧೈರ್ಯ ಹೇಳುತ್ತದೆ. ಎರಡೂ ಬೇಕಾಗಿದ್ದವು.

1992ರಲ್ಲಿ ಗುಲಾಬಿ ರಿಬ್ಬನ್ ಬಂತು. ಅದಕ್ಕೂ ಮುಂಚೆ ಷಾರ್ಲೆಟ್ ಹೇಲಿ ಎಂಬಾಕೆ ಮನೆಯಲ್ಲೇ ಪೀಚ್ ಬಣ್ಣದ ರಿಬ್ಬನ್ ಮಾಡಿ, ಕ್ಯಾನ್ಸರ್ ತಡೆಗೆ ಸರ್ಕಾರ ಇಡುವ ಹಣ ಎಷ್ಟು ಕಡಿಮೆ ಎಂಬ ಚೀಟಿ ಜೊತೆಗಿಟ್ಟು ಹಂಚುತ್ತಿದ್ದರು. ಒಂದು ಪತ್ರಿಕೆ ಮತ್ತು ಸೌಂದರ್ಯ ಸಾಧನಗಳ ಕಂಪನಿ ಅದನ್ನು ಕೇಳಿದಾಗ, ಇದು ವ್ಯಾಪಾರವಾಗುತ್ತದೆಂದು ಅವರು ಕೊಡಲಿಲ್ಲ. ಬಣ್ಣ ಬದಲಾಯಿತು, ಚೀಟಿ ಕಾಣೆಯಾಯಿತು. ಮರುವರ್ಷ, 1993ರ ಆಗಸ್ಟ್ 15ರಂದು, ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನ್‌ನ ಮುಖಪುಟದಲ್ಲಿ ಮತುಷ್ಕಾ ಎಂಬ ಕಲಾವಿದೆ ತಾವೇ ತೆಗೆದುಕೊಂಡ ತಮ್ಮ ಚಿತ್ರ ಬಂತು. ಬಿಳಿ ಉಡುಪಿನ ಬಲಭಾಗ ಕತ್ತರಿಸಿದೆ, ಅಲ್ಲಿ ಗಾಯದ ಗೆರೆ ಕಾಣುತ್ತದೆ. ಇನ್ನು ಮುಖ ತಿರುಗಿಸಲಾಗದು ಎಂಬರ್ಥದ ಸಾಲು ಪಕ್ಕದಲ್ಲಿತ್ತು. ಮೆಚ್ಚಿ ಬರೆದವರೂ ಇದ್ದರು, ಭಾನುವಾರ ಬೆಳಿಗ್ಗೆ ಇದನ್ನೇಕೆ ತೋರಿಸಿದಿರಿ ಎಂದು ಸಿಟ್ಟಾದವರೂ ಇದ್ದರು.

ನಮ್ಮ ದೇಶದಲ್ಲಿ ಎಲ್ಲರೂ ನೋಡಿರುವ ಕ್ಯಾನ್ಸರ್ ಫೋಟೋ ಎಂದರೆ ತಂಬಾಕಿನ ಪೊಟ್ಟಣದ ಮೇಲಿನದು. 2009ರಿಂದ ಅದು ಕಡ್ಡಾಯ. ಚಟ ಬಿಡಿಸಲು ಭಯ ಒಂದು ಸಾಧನ ಆಗಬಹುದು. ಆದರೆ ಸ್ತನ ಕ್ಯಾನ್ಸರಿನಲ್ಲಿ ಬಿಡಬೇಕಾದ ಚಟ ಯಾವುದೂ ಇಲ್ಲದ ಹೆಂಗಸರೇ ಹೆಚ್ಚು. ಅವರಿಗೆ ಭಯ ಹುಟ್ಟಿಸಿದರೆ ಗಂಟನ್ನು ಇನ್ನಷ್ಟು ದಿನ ಮುಚ್ಚಿಡುತ್ತಾರೆ ಅಷ್ಟೆ. 2022ರ ಒಂದೇ ವರ್ಷ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಈ ಕಾಯಿಲೆ ಬಂತೆಂದು ಜಾಗತಿಕ ಅಂದಾಜು ಹೇಳುತ್ತದೆ. ತಡವಾಗಿ ಆಸ್ಪತ್ರೆಗೆ ಬರುವವರು ನಮ್ಮಲ್ಲಿ ಬಹಳ.

ಬೇಗ ಬಂದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯಲ್ಲೇ ಪುರಾವೆಯಿದೆ. ಟಾಟಾ ಮೆಮೋರಿಯಲ್ ಆಸ್ಪತ್ರೆ 1998ರಿಂದ ಅಲ್ಲಿನ ಬಡ ಬಸ್ತಿಗಳ ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ಅಧ್ಯಯನ ನಡೆಸಿತು. ಅದರಲ್ಲಿ ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಗುಂಪಿನ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರಷ್ಟು ಕಡಿಮೆಯಾಗಿತ್ತು. ಮ್ಯಾಮೊಗ್ರಾಂ ಯಂತ್ರ ಬೇಕಾಗಲಿಲ್ಲ. ಬೇಕಾದದ್ದು ತಿಳಿದ ಕೈ, ಮತ್ತು ರವಿಕೆಯ ಗುಂಡಿ ಬಿಚ್ಚಲು ಒಪ್ಪುವ ಮನಸ್ಸು.

ಫೋಟೋಗೆ ಕೆಲಸವಿರುವುದು ಆ ಮನಸ್ಸಿನ ಹತ್ತಿರ. ನಮ್ಮ ಭಾಷೆಯಲ್ಲಿ ಎದೆಯೆಂದರೆ ಅಂಗವೂ ಹೌದು, ಧೈರ್ಯವೂ ಹೌದು. ಆದರೂ ಮನೆಗಳಲ್ಲಿ ಇದು ಇಂದಿಗೂ ‘ಆ ಕಾಯಿಲೆ’. ಗಾಯದ ಗೆರೆಯಿದ್ದೂ ನೆಟ್ಟಗೆ ನಿಂತ ಒಬ್ಬಳನ್ನು ಕಂಡ ಹೆಂಗಸು, ‘ನಂಗೂ ಒಂದು ಗಂಟು ಸಿಕ್ತಿದೆ ಕಣೆ’ ಎಂದು ಮಗಳಿಗೆ ಇವತ್ತೇ ಹೇಳಿದರೆ, ಆ ಫೋಟೋ ತೆಗೆದದ್ದು ಸಾರ್ಥಕ.