‘ಮತ್ತು ವೃಂದ’: ಬೆಂಗಳೂರಿನ ಕಿರುಮೇಳಗಳಲ್ಲಿ ವಾದಕರ ಸ್ಥಾನ

1. ಪ್ರಶ್ನೆ

ಬಾಣಸವಾಡಿಯ ನಮ್ಮ ಮನೆಯಲ್ಲಿ ಸಂಗೀತ ಕಚೇರಿಗಳ ಹಳೆಯ ಆಹ್ವಾನಪತ್ರಿಕೆಗಳ ಒಂದು ಕಟ್ಟಿದೆ. ರಾಮೋತ್ಸವದವು, ದೇವಸ್ಥಾನದ ವಾರ್ಷಿಕೋತ್ಸವದವು, ಸಭೆಗಳ ತಿಂಗಳ ಕಾರ್ಯಕ್ರಮದವು. ಅವನ್ನು ಹರವಿಕೊಂಡು ಕೂತಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಮಾತು ‘ಮತ್ತು ವೃಂದ’. ಮುಖ್ಯ ಕಲಾವಿದರ ಹೆಸರು ದಪ್ಪ ಅಕ್ಷರದಲ್ಲಿ, ಅದರ ಬೆನ್ನಿಗೇ ಈ ಎರಡು ಪದ. ಹಾಡುಗಾರಿಕೆಯಾದರೆ ಪಿಟೀಲು, ಮೃದಂಗದವರ ಹೆಸರಾದರೂ ಕೆಳಗೆ ಇರುತ್ತದೆ. ನಾಲ್ಕೈದು ಜನ ಸಮನಾಗಿ ಕೂತು ನುಡಿಸುವ ಮೇಳದ ಸರದಿ ಬಂದಾಗಲೇ ಹೆಸರುಗಳು ಬಿಟ್ಟುಹೋಗುತ್ತವೆ.

ವೃಂದವೆಂದರೆ ಯಾರು? ಅವರಲ್ಲಿ ಒಬ್ಬೊಬ್ಬರೂ ಮಾಡುವ ಕೆಲಸವೇನು? ಬೆಂಗಳೂರಿನ ಎರಡು ಮೇಳಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕುವುದು ಟಿಪ್ಪಣಿಯ ಉದ್ದೇಶ. ಒಂದು, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಇನ್ನೊಂದು, ಘಟ ವಾದಕಿ ಸುಕನ್ಯಾ ರಾಮಗೋಪಾಲ್ ಅವರ ‘ಸ್ತ್ರೀ ತಾಳ ತರಂಗ’. ಪಶ್ಚಿಮದಲ್ಲಿ ‘ಚೇಂಬರ್ ಮೇಳ’ ಎಂದು ಕರೆಯುವ ಪದ್ಧತಿಯ ಲಕ್ಷಣಗಳು ನಮ್ಮ ತಾಳವಾದ್ಯ ಮೇಳಗಳಲ್ಲಿ ಪೂರ್ತಿಯಾಗಿ ಇವೆ, ಹಾಗಾಗಿ ಅಲ್ಲಿ ‘ವೃಂದ’ ಎಂಬ ಒಟ್ಟು ಹೆಸರು ವಾಸ್ತವಕ್ಕೆ ಹೊಂದುವುದಿಲ್ಲ ಎಂಬುದು ನನ್ನ ವಾದ.

2. ಪದಗಳ ಗೊಂದಲ

‘ವಾದ್ಯವೃಂದ’ ಎಂಬ ಮಾತು ಚಲಾವಣೆಗೆ ಬರುವುದರಲ್ಲಿ ಆಕಾಶವಾಣಿಯ ಪಾಲು ದೊಡ್ಡದು. 1952ರಲ್ಲಿ ದೆಹಲಿಯಲ್ಲಿ ಆರಂಭವಾದ ಆಕಾಶವಾಣಿ ವಾದ್ಯವೃಂದವನ್ನು ಪಂಡಿತ್ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಿರ್ದೇಶಿಸಿದರು. ಅದು ದೊಡ್ಡ ಮೇಳ. ಒಂದೇ ಸ್ವರಸಾಲನ್ನು ಹಲವರು ಒಟ್ಟಿಗೆ ನುಡಿಸುತ್ತಾರೆ, ಎದುರಿಗೆ ನಿಂತ ನಿರ್ದೇಶಕರ ಕೈ ನೋಡುತ್ತಾರೆ. ಅಲ್ಲಿ ‘ವೃಂದ’ ಎಂಬ ಪದ ಸರಿಯಾಗಿಯೇ ಕೂರುತ್ತದೆ.

ಚೇಂಬರ್ ಮೇಳದ ಕಟ್ಟಳೆ ಬೇರೆ. ಒಂದು ಭಾಗಕ್ಕೆ ಒಬ್ಬರೇ ವಾದಕರು. ನಿರ್ದೇಶಕರಿಲ್ಲ. ದೊಡ್ಡ ಸಭಾಂಗಣಕ್ಕಿಂತ ಕೋಣೆಯ ಅಳತೆಗೆ ಹೊಂದುವ ಧ್ವನಿ. ಹೈಡನ್ ಕಾಲದಲ್ಲಿ ನೆಲೆಗೊಂಡ ತಂತಿವಾದ್ಯಗಳ ಚತುಷ್ಕ ಇದರ ಮಾದರಿ ರೂಪ: ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ನಾಲ್ವರಲ್ಲಿ ಒಬ್ಬರು ಎದ್ದುಹೋದರೆ ಕೃತಿಯ ಕಾಲು ಭಾಗವೇ ಎದ್ದುಹೋದಂತೆ.

ಕನ್ನಡನಾಡಿಗೂ ಈ ಪದ್ಧತಿಗೂ ಹಳೆಯ ನಂಟಿದೆ. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್‌ಗೆ ಆಸರೆಯಾದವರು. ಅವರ ನೆರವಿನಿಂದ 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಗಿ, ಕಾಯಿಲೆ ಬಿದ್ದಿದ್ದ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಸಾಧ್ಯವಾಯಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. ಈ ಕತೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಅದರಲ್ಲಿ ನಮ್ಮ ನೆನಪಿಗೆ ನಿಂತದ್ದು ಪೋಷಕರ ಹೆಸರು ಮತ್ತು ರಚನಕಾರರ ಹೆಸರು. ಜೊತೆಗೆ ಕೂತು ನುಡಿಸಿದವರ ಹೆಸರು ಇಲ್ಲಿ ಯಾರ ಬಾಯಲ್ಲೂ ಇಲ್ಲ.

3. ಮೊದಲ ಮೇಳ: ‘ಜ್ಯೋತಿ’ಯ ಐವರು

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬೆಂಗಳೂರಿನಲ್ಲಿ 1964ರಲ್ಲಿ ಕೆ. ರಾಘವೇಂದ್ರ ಅವರಿಂದ ಆರಂಭವಾಯಿತು. ಅದನ್ನು ಲೋಕಕ್ಕೆ ಪರಿಚಯಿಸಿದವರು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ. ಹೆಸರಿಗೆ ಕಾಲೇಜು, ಕೆಲಸದಲ್ಲಿ ಪಾಠಶಾಲೆಯೂ ಹೌದು, ಮೇಳವೂ ಹೌದು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇವರೊಡನೆ ಸೇರಿ ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದಿತು. ಅದೇ ನಂಟು ಮುಂದೆ ಜರ್ಮನಿಯ ಡಬ್ಲ್ಯುಡಿಆರ್ ಬಿಗ್ ಬ್ಯಾಂಡ್ ಜೊತೆಗಿನ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ತನಕ ಬೆಳೆಯಿತು. ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು.

‘ಜ್ಯೋತಿ’ಯ ಶೀರ್ಷಿಕೆಯಲ್ಲಿರುವುದು ಮರಿಯಾನೊ ಅವರ ಹೆಸರು ಮತ್ತು ಕಾಲೇಜಿನ ಹೆಸರು. ವಾದಕರ ಪಟ್ಟಿ ನೋಡಿದರೆ ಮಾತ್ರ ಐವರು ಬೇರೆಬೇರೆಯಾಗಿ ಕಾಣುತ್ತಾರೆ: ಸ್ಯಾಕ್ಸೊಫೋನ್ ಮತ್ತು ಕೊಳಲಿಗೆ ಮರಿಯಾನೊ, ಗಾಯನ ಮತ್ತು ತಂಬೂರಿಗೆ ರಮಾಮಣಿ, ಮೃದಂಗಕ್ಕೆ ಮಣಿ, ಘಟ ಮತ್ತು ಮೋರ್ಚಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಐವರಲ್ಲಿ ಯಾರ ಕೆಲಸವನ್ನೂ ಇನ್ನೊಬ್ಬರು ಮಾಡುತ್ತಿಲ್ಲ. ಒಂದು ಭಾಗಕ್ಕೆ ಒಬ್ಬರು ಎಂಬ ಚೇಂಬರ್ ಕಟ್ಟಳೆ ಇಲ್ಲಿ ತಾನಾಗಿ ಪಾಲನೆಯಾಗಿದೆ. ಈ ಕಟ್ಟಳೆ ಜರ್ಮನಿಯಿಂದ ಬಂದದ್ದಲ್ಲ. ನಮ್ಮ ಕಚೇರಿಯಲ್ಲಿ ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಒಂದೊಂದೇ ಇರುತ್ತವೆ. ತನಿ ಆವರ್ತನದಲ್ಲಿ ಅವು ಸರದಿಯಂತೆ ಮಾತಾಡಿ, ಕೊರಪ್ಪಿನಲ್ಲಿ ಮಾತಿನ ಅಳತೆಯನ್ನು ಕಿರಿದು ಮಾಡುತ್ತ ಬಂದು, ಕೊನೆಯ ಮುಕ್ತಾಯದಲ್ಲಿ ಒಂದಾಗುತ್ತವೆ.

4. ಒಂದು ಮಾತ್ರೆಯ ಕಾರ್ವೆ

ನಿರ್ದೇಶಕರಿಲ್ಲದೆ ಇದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ತೋರಿಸುತ್ತೇನೆ. ಇದು ಯಾವ ಧ್ವನಿಮುದ್ರಿಕೆಯಿಂದಲೂ ಎತ್ತಿಕೊಂಡದ್ದಲ್ಲ, ವಿವರಣೆಗಾಗಿ ನಾನೇ ಕಟ್ಟಿಕೊಂಡದ್ದು. ಓದುಗರು ತೊಡೆಯ ಮೇಲೆ ತಾಳ ಹಾಕಿಕೊಂಡು ಪರೀಕ್ಷಿಸಬಹುದು.

ಆದಿತಾಳಕ್ಕೆ 8 ಎಣಿಕೆ. ಚತುರಶ್ರ ನಡೆಯಲ್ಲಿ ಎಣಿಕೆಗೆ 4 ಮಾತ್ರೆಯಂತೆ ಒಂದು ಆವರ್ತನಕ್ಕೆ 32 ಮಾತ್ರೆ. ‘ತದಿಗಿಣತೊಂ’ ಎಂಬ ಸೊಲ್ಲಿಗೆ 5 ಮಾತ್ರೆ, ಎರಡು ಸಲ ಹೇಳಿದರೆ 10. ಈ ಹತ್ತನ್ನು ಮೂರು ಸಲ ನುಡಿಸಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆಯ ಕಾರ್ವೆ (ಬಿಡುವು) ಬಿಟ್ಟರೆ, 10+1+10+1+10, ಅಂದರೆ ಸರಿಯಾಗಿ 32. ಸಮದಲ್ಲಿ ಎತ್ತಿಕೊಂಡರೆ ಮುಂದಿನ ಸಮಕ್ಕೆ ಬಂದು ಕೂರುತ್ತದೆ.

ಈಗ ಮೂರು ಹತ್ತುಗಳನ್ನು ಮೂವರಿಗೆ ಹಂಚೋಣ. ಮೊದಲ ಹತ್ತು ಮೃದಂಗಕ್ಕೆ. ಅದು ಸಮದ ಪೆಟ್ಟಿನ ಮೇಲೆಯೇ ಹೊರಡುವುದರಿಂದ ತೊಡಕಿಲ್ಲ. ಎರಡನೆಯದು ಘಟಕ್ಕೆ. ಅದು ಹೊರಡಬೇಕಾದದ್ದು 12ನೇ ಮಾತ್ರೆಯಲ್ಲಿ, ಎಂದರೆ ತಾಳದ ಕೈಯಲ್ಲಿ ಉಂಗುರದ ಬೆರಳಿನ ಎಣಿಕೆ ಇನ್ನೇನು ಮುಗಿಯಬೇಕು ಎನ್ನುವಾಗ, ಅದರ ಕೊನೆಯ ಕಾಲು ಭಾಗದಲ್ಲಿ. ಮೂರನೆಯದು ಖಂಜಿರಕ್ಕೆ. ಅದರ ಎತ್ತುಗಡೆ 23ನೇ ಮಾತ್ರೆ. ಆಗ ಮೊದಲ ದ್ರುತದ ಪೆಟ್ಟು ಆಗಿಹೋಗಿ, ಮಗುಚಿದ ಅಂಗೈಯ ಎಣಿಕೆ ಅರ್ಧ ಕಳೆದಿರುತ್ತದೆ. ಘಟದವರಿಗಾಗಲಿ ಖಂಜಿರದವರಿಗಾಗಲಿ ಆತುಕೊಳ್ಳಲು ಪೆಟ್ಟಿಲ್ಲ. ತಾಳ ಹಾಕುವ ಕೈಯನ್ನು ಎಷ್ಟೇ ಎಚ್ಚರದಿಂದ ನೋಡಿದರೂ ಸಾಲದು, ಹಿಂದಿನವರ ಹತ್ತು ಮಾತ್ರೆಯನ್ನು ತಮ್ಮ ಮನಸ್ಸಿನಲ್ಲಿಯೇ ನುಡಿಸಿಕೊಂಡು ಬಂದಿರಬೇಕು. ಮೃದಂಗದ ಕೊನೆಯ ‘ತೊಂ’ ಕಾರ್ವೆಯೊಳಕ್ಕೆ ಅನುರಣಿಸುತ್ತಿರುವಾಗಲೇ ಘಟದ ಬೆರಳು ಎದ್ದಿರಬೇಕು.

ತಂತಿವಾದ್ಯ ಚತುಷ್ಕದಲ್ಲಿ ಮೊದಲ ಪಿಟೀಲಿನವರು ಉಸಿರು ಎಳೆದುಕೊಳ್ಳುವ ರೀತಿ, ಕಮಾನು ಎತ್ತುವ ರೀತಿ ಉಳಿದ ಮೂವರಿಗೆ ಸೂಚನೆ. ತಾಳವಾದ್ಯ ಮೇಳದಲ್ಲಿ ಆ ಕೆಲಸವನ್ನು ಮಾಡುವುದು ಎಲ್ಲರ ನಾಲಿಗೆಯಲ್ಲೂ ಇರುವ ಸೊಲ್ಲು. ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕೊನ್ನಕ್ಕೋಲನ್ನು ಕಲಿತವರಿಗೆ ಪಕ್ಕದವರ ವಾದ್ಯ ಮಾತಿನಂತೆ ಕೇಳುತ್ತದೆ, ಆದ್ದರಿಂದ ಅವರ ವಾಕ್ಯ ಎಲ್ಲಿ ಮುಗಿಯುತ್ತದೆಂದು ಮೊದಲೇ ತಿಳಿಯುತ್ತದೆ. ಹೀಗೆ ಕೇಳಬಲ್ಲವರು ಒಬ್ಬ ನಾಯಕರ ಹಿಂದೆ ಹೋಗುವ ವೃಂದವಲ್ಲ. ಮುಂದಾಳುತನ ಹತ್ತು ಹತ್ತು ಮಾತ್ರೆಗೆ ಕೈ ಬದಲಾಯಿಸುತ್ತಿದೆ.

5. ಎರಡನೆಯ ಮೇಳ: ಘಟ ನಡುವಿಗೆ ಬಂದಾಗ

ಸುಕನ್ಯಾ ರಾಮಗೋಪಾಲ್ ತಮಿಳುನಾಡಿನವರು. ಕಲಿತದ್ದು ಚೆನ್ನೈಯಲ್ಲಿ, ಟಿ.ಆರ್. ಹರಿಹರ ಶರ್ಮ ಮತ್ತು ಅವರ ಮಗ ವಿಕ್ಕು ವಿನಾಯಕರಾಂ ಅವರ ಬಳಿ. ಹುಡುಗಿಯ ಕೈಗೆ ಘಟ ಕಷ್ಟವೆಂಬ ಅನುಮಾನ ವಿನಾಯಕರಾಂ ಅವರಿಗಿತ್ತು. ಹರಿಹರ ಶರ್ಮರು ಶಿಷ್ಯೆಯ ಪರ ನಿಂತು ತಾವೇ ಪಾಠ ಹೇಳಿದರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಸುಕನ್ಯಾ 1995ರಲ್ಲಿ ‘ಸ್ತ್ರೀ ತಾಳ ತರಂಗ’ ಎಂಬ ಮಹಿಳೆಯರದೇ ಮೇಳ ಕಟ್ಟಿದರು. ಮೋರ್ಚಿಂಗಿನ ಭಾಗ್ಯಲಕ್ಷ್ಮಿ ಎಂ. ಕೃಷ್ಣ, ವೀಣೆಯ ವೈ.ಜಿ. ಶ್ರೀಲತಾ ಈ ಮೇಳದೊಡನೆ ನುಡಿಸಿದವರಲ್ಲಿ ಸೇರಿದ್ದಾರೆ. 2014ನೇ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಸುಕನ್ಯಾ ಅವರಿಗೆ ಸಂದಿತು.

ರೂಢಿಯ ಕಚೇರಿಯಲ್ಲಿ ಘಟ ಉಪಪಕ್ಕವಾದ್ಯ. ಮೃದಂಗದವರು ಬಿಟ್ಟುಕೊಟ್ಟಾಗ ನುಡಿಸುವುದು, ಅವರು ಹಾಕಿದ ಲೆಕ್ಕವನ್ನೇ ತಿರುಗಿ ಹೇಳುವುದು ಅದರ ಪಾಲು. ಹೆಣ್ಣುಮಗಳು ಪಕ್ಕದಲ್ಲಿ ಕೂತರೆ ತಾವು ನುಡಿಸುವುದಿಲ್ಲವೆಂದು ಹಟ ಹಿಡಿದ ಮೃದಂಗ ವಾದಕರಿದ್ದರು, ಅದರಿಂದ ಕೈತಪ್ಪಿದ ಅವಕಾಶಗಳಿದ್ದವು. ಇದನ್ನು ಸುಕನ್ಯಾ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರು ರೂಪಿಸಿದ ‘ಘಟ ತರಂಗ’ದಲ್ಲಿ ಬೇರೆಬೇರೆ ಶ್ರುತಿಯ ಆರೇಳು ಘಟಗಳು ಸುತ್ತ ಇರುತ್ತವೆ. ಮಡಿಲಲ್ಲಿದ್ದ ಮಡಕೆ ಸ್ವರವನ್ನೂ ಹಾಡತೊಡಗುತ್ತದೆ. ಪಕ್ಕಕ್ಕಿದ್ದ ವಾದ್ಯ ವೇದಿಕೆಯ ನಡುವಿಗೆ ಬಂದಾಗ ಬದಲಾಗುವುದು ಕೂರುವ ಜಾಗವಷ್ಟೇ ಅಲ್ಲ, ಮೊದಲ ಮಾತು ಯಾರದು ಎಂಬ ಪ್ರಶ್ನೆಗೆ ಉತ್ತರವೂ ಬದಲಾಗುತ್ತದೆ. ಅವಕಾಶ ತಪ್ಪಿಸಿದವರಿಗೆ ಮಾತಿನಲ್ಲಿ ಉತ್ತರ ಕೊಡುವ ಬದಲು ಒಂದು ಮೇಳವನ್ನೇ ಕಟ್ಟಿದ್ದನ್ನು ನಾನು ಈ ನಗರದ ಸಂಗೀತ ಚರಿತ್ರೆಯ ದೊಡ್ಡ ಘಟನೆಗಳಲ್ಲಿ ಒಂದೆಂದು ಎಣಿಸುತ್ತೇನೆ.

6. ಶ್ರುತಿ ಕೂಡಿಸುವ ಹೊತ್ತು

ಮೇಳದ ಒಳಸಂಬಂಧ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಚೇರಿಗೆ ಮುಂಚಿನ ಕಾಲು ಗಂಟೆಯಲ್ಲಿ. ಮೃದಂಗದವರು ರವೆ ಕಲಸಿ ಎಡಮುಚ್ಚಿಗೆಯ ನಡುವೆ ಹಚ್ಚುತ್ತಾರೆ, ಬಲಗಡೆಯ ಅಂಚನ್ನು ಕಲ್ಲಿನಿಂದ ತಟ್ಟಿ ತಟ್ಟಿ ಶ್ರುತಿಗೆ ತರುತ್ತಾರೆ. ಖಂಜಿರದವರು ಚರ್ಮದ ಒಳಮೈಗೆ ನೀರು ಸವರಿ ಬಿಗಿ ಸಡಿಲಿಸುತ್ತಾರೆ. ಮೋರ್ಚಿಂಗಿನವರು ವಾದ್ಯದ ನಾಲಗೆಯ ತುದಿಗೆ ಚೂರು ಮೇಣ ಅಂಟಿಸಿದರೆ ಶ್ರುತಿ ಇಳಿಯುತ್ತದೆ, ಕೆರೆದು ತೆಗೆದರೆ ಏರುತ್ತದೆ. ಘಟದವರು ಮಾತ್ರ ಸುಮ್ಮನೆ ಕೂತಿರುತ್ತಾರೆ. ಆವಿಗೆಯಲ್ಲಿ ಬೆಂದ ದಿನವೇ ಘಟದ ಶ್ರುತಿ ಗೊತ್ತಾಗಿಬಿಟ್ಟಿದೆ, ಇನ್ನು ಅದನ್ನು ಹೆಚ್ಚುಕಡಿಮೆ ತಿರುಗಿಸಲಾಗದು. ಅದಕ್ಕೇ ಘಟ ನುಡಿಸುವವರ ಮನೆಯಲ್ಲಿ ಶ್ರುತಿಗೊಂದರಂತೆ ಘಟಗಳ ಸಾಲು ಇರುತ್ತದೆ.

ಪಿಯಾನೊ ಪಂಚಕದಲ್ಲೂ ಹೀಗೆಯೇ. ನಾಲ್ಕು ತಂತಿವಾದ್ಯಗಳು ಕಿವಿ ತಿರುವಿಕೊಂಡು ಪಿಯಾನೊಗೆ ಶ್ರುತಿ ಸೇರಿಸುತ್ತವೆ, ಪಿಯಾನೊ ಅವುಗಳಿಗಾಗಿ ಆ ಹೊತ್ತಿನಲ್ಲಿ ಜಗ್ಗಲಾರದು. ಘಟ ತರಂಗದ ಮೇಳದಲ್ಲಿ ಆ ಸ್ಥಾನ ಮಡಕೆಗಳದು. ರೂಢಿಯ ಕಚೇರಿಯಲ್ಲಿ ಕೊನೆಯ ಸರದಿಗಾಗಿ ಕಾಯುವ ಮಣ್ಣಿನ ವಾದ್ಯಕ್ಕೆ ಇಲ್ಲಿ ಉಳಿದೆಲ್ಲ ವಾದ್ಯಗಳು ಹೊಂದಿಕೊಳ್ಳುತ್ತವೆ. ಪಿಯಾನೊಗೂ ಘಟಕ್ಕೂ ಹೋಲಿಕೆ ಹುಡುಕಿದವರನ್ನು ನಾನು ಕಂಡಿಲ್ಲ. ಮೇಳದೊಳಗೆ ಎರಡೂ ಮಾಡುವ ಕೆಲಸ ಒಂದೇ.

7. ನಗರದ ಪೂರ್ವಭಾಗದಿಂದ ನೋಡಿದಾಗ

ಬೆಂಗಳೂರಿನ ಸಂಗೀತವೆಂದರೆ ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿ, ಜಯನಗರ ಎಂದು ಹೇಳುವುದು ವಾಡಿಕೆ. ದಂಡುಪ್ರದೇಶ 1809ರಲ್ಲಿ ನೆಲೆಗೊಂಡಂದಿನಿಂದ ಪೂರ್ವಭಾಗದ ಕಿವಿ ಇನ್ನೊಂದು ಬಗೆಯಲ್ಲಿ ಬೆಳೆದಿದೆ. ಒಂದು ಕಡೆ ಚರ್ಚುಗಳ ಗಾಯನಮಂಡಳಿ ಮತ್ತು ಸೇನೆಯ ಬ್ಯಾಂಡು, ಇನ್ನೊಂದು ಕಡೆ ಹಲಸೂರಿನ ಸೋಮೇಶ್ವರನ ಗುಡಿ. ಬಾಣಸವಾಡಿಯಿಂದ ಐದಾರು ಕಿಲೋಮೀಟರ್ ದೂರದ ಇಂದಿರಾನಗರದಲ್ಲಿ ಇಂದು ಇಂದಿರಾನಗರ ಸಂಗೀತ ಸಭೆಯ ಪುರಂದರ ಭವನವಿದೆ. ಅದೇ ಬಡಾವಣೆಯ ಸಿಎಂಎಚ್ ರಸ್ತೆಯಲ್ಲಿ ಗೋಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನವಿದೆ. ಒಂದೆಡೆ ತನಿ ಆವರ್ತನ ಕೇಳಿದವರು ಇನ್ನೊಂದೆಡೆ ಯುರೋಪಿನ ಹೊಸ ರಚನೆಗಳ ಮೇಳ ಕೇಳಬಹುದು. ತಾಳವಾದ್ಯ ಮೇಳವನ್ನು ಸಮಕಾಲೀನ ಚೇಂಬರ್ ಸಂಗೀತವೆಂದು ಗುರುತಿಸುವುದು ಇಂಥ ಕೇಳುಗರಿಗೆ ಸುಲಭ. ಆ ಗುರುತಿಸುವಿಕೆ ಬರಹಕ್ಕೆ ಇಳಿಯಬೇಕು.

8. ಫಲಿತ

ಮೇಲಿನ ಎರಡು ಮೇಳಗಳಲ್ಲೂ ಒಂದು ಭಾಗಕ್ಕೆ ಒಬ್ಬರೇ ಇದ್ದಾರೆ. ಮುಂದಾಳುತನ ಕೈಯಿಂದ ಕೈಗೆ ಸಾಗುತ್ತದೆ. ಕೂಡುವಿಕೆ ನಿಂತಿರುವುದು ಪರಸ್ಪರ ಕೇಳುವುದರ ಮೇಲೆ. ಆದ್ದರಿಂದ ಇಂಥ ಮೇಳದ ದಾಖಲೆಯಲ್ಲಿ ಕನಿಷ್ಠ ನಾಲ್ಕು ವಿವರ ಇರಲೇಬೇಕೆಂದು ಸೂಚಿಸುತ್ತೇನೆ: ಪ್ರತಿಯೊಬ್ಬರ ಹೆಸರು ಮತ್ತು ವಾದ್ಯ, ಕೂತ ಕ್ರಮ, ಶ್ರುತಿ ಯಾವ ವಾದ್ಯಕ್ಕೆ ಸೇರಿಸಿದ್ದು, ತಾಳ ಹಾಕಿದವರು ಯಾರು. ಹಳೆಯ ಧ್ವನಿಮುದ್ರಿಕೆಗಳು ಕೈಯಲ್ಲಿದ್ದವರು, ನುಡಿಸಿದವರು ನಮ್ಮೊಡನೆ ಇರುವಾಗಲೇ ಅವರನ್ನು ಕೇಳಿ ಇಷ್ಟನ್ನು ಬರೆದಿಟ್ಟುಕೊಂಡರೆ ಮುಂದಿನ ಸಂಶೋಧಕರಿಗೆ ದೊಡ್ಡ ಉಪಕಾರ.

ಸಭೆಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಆಹ್ವಾನಪತ್ರಿಕೆಯಲ್ಲಿ ‘ಮತ್ತು ವೃಂದ’ ಎಂಬಲ್ಲಿ ಆ ನಾಲ್ಕೈದು ಹೆಸರುಗಳನ್ನೇ ಅಚ್ಚು ಹಾಕಿಸಿ. ಹೆಚ್ಚಾಗುವುದು ಎರಡು ಸಾಲು. ಹನ್ನೆರಡನೆಯ ಮಾತ್ರೆಯಲ್ಲಿ ಪೆಟ್ಟಿನ ಆಸರೆಯಿಲ್ಲದೆ ಎತ್ತಿಕೊಂಡವರು ಯಾರೆಂದು ಮನೆಗೆ ಹೋದ ಮೇಲೂ ಕೇಳುಗರಿಗೆ ಗೊತ್ತಿರುತ್ತದೆ.