ಲಾಗ್ ಟೇಬಲ್ಲಿನಲ್ಲಿ ಕಳೆದುಹೋದ ಇಪ್ಪತ್ತೆರಡು ರೂಪಾಯಿ

ಮೊನ್ನೆ ಭಾನುವಾರ ಪಕ್ಕದ ಮನೆಯ ಅಕ್ಕ-ತಮ್ಮ ಇಬ್ಬರೂ ಪುಸ್ತಕ ಹಿಡಿದುಕೊಂಡು ಬಂದಿದ್ದರು. ತಮ್ಮ ಪಿಯುಸಿ ಸೈನ್ಸು, ಅಕ್ಕ ಬಿಕಾಂ. ತಮ್ಮನ ಕೈಯಲ್ಲಿ ಲೋಲಕದ ಪ್ರಯೋಗದ ರೆಕಾರ್ಡು. ಒಂದು ಮೀಟರ್ ದಾರ, ಇಪ್ಪತ್ತು ಸಲ ತೂಗಾಡಲು 40.2 ಸೆಕೆಂಡು. ಅದರಿಂದ ಅವನು ಕಂಡುಹಿಡಿದ ಗುರುತ್ವ ವೇಗೋತ್ಕರ್ಷ 9.7716437! ಫೋನಿನ ಕ್ಯಾಲ್ಕುಲೇಟರ್ ತೋರಿಸಿದ ಅಂಕಿಗಳನ್ನು ಒಂದೂ ಬಿಡದೆ ಇಳಿಸಿದ್ದ.

"ಲೋ, ಸ್ಟಾಪ್‌ವಾಚ್ ಒತ್ತುವಾಗ ನಿನ್ನ ಹೆಬ್ಬೆರಳು 0.2 ಸೆಕೆಂಡು ಆಚೀಚೆ ಆದರೆ ಸಾಕು, ಉತ್ತರ 9.68ರಿಂದ 9.87ರವರೆಗೆ ಎಲ್ಲಿ ಬೇಕಾದರೂ ಇರುತ್ತೆ. ಇನ್ನು ಆ ಕೊನೆಯ 437 ಎಲ್ಲಿಂದ ಬಂತು?" ಅಂದೆ. ಅವನು ಪೆಚ್ಚಾಗಿ ನಕ್ಕ.

ನಮ್ಮ ಕಾಲದಲ್ಲಿ ಹೀಗೆ ಆಗುತ್ತಿರಲಿಲ್ಲ ಎಂದು ಜಂಬದಿಂದ ಅಟ್ಟದ ಮೇಲಿದ್ದ ಹಳೆಯ ಲಾಗ್ ಟೇಬಲ್ ಪುಸ್ತಕ ಇಳಿಸಿದೆ. ನಾಲ್ಕಂಕಿಯ ಟೇಬಲ್ಲು. ನಿಮಗೂ ನೆನಪಿರಬಹುದು, ಬಲಗಡೆ ಮೀನ್ ಡಿಫರೆನ್ಸ್ ಎಂಬ ಸಣ್ಣ ಅಂಕಿಗಳ ಸಾಲು, ಸ್ಕೇಲ್ ಇಟ್ಟು ನೋಡದಿದ್ದರೆ ಮೇಲಿನ ಸಾಲಿಗೆ ಜಾರುವ ಕಣ್ಣು...

ಅಷ್ಟರಲ್ಲಿ ಅಕ್ಕ, "ನನ್ನ ಲೆಕ್ಕಾನೂ ಇದರಲ್ಲೇ ಮಾಡಿ ನೋಡೋಣ ಅಂಕಲ್" ಅಂದಳು. ಹತ್ತು ಸಾವಿರ ರೂಪಾಯಿ, ಶೇಕಡಾ 8ರ ಚಕ್ರಬಡ್ಡಿ, ಹದಿನೈದು ವರ್ಷ. 1.08ರ ಲಾಗ್ 0.0334. ಹದಿನೈದರಿಂದ ಗುಣಿಸಿದರೆ 0.5010. ಆಂಟಿಲಾಗ್ ನೋಡಿದರೆ 3.170. ಅಂದರೆ 31,700 ರೂಪಾಯಿ. ಅವಳ ಫೋನಿನಲ್ಲಿ 31,721.69 ಇತ್ತು.

"ಇಪ್ಪತ್ತೆರಡು ರೂಪಾಯಿ ಎಲ್ಲಿ ಹೋಯ್ತು ಅಂಕಲ್?"

ಈಗ ಪೆಚ್ಚಾಗುವ ಸರದಿ ನನ್ನದು :)

ಲಾಗ್ ಟೇಬಲ್ ಎಂದರೆ ವಿಜ್ಞಾನದವರ ಆಸ್ತಿ ಎಂದೇ ನಾನು ತಿಳಿದಿದ್ದೆ. ಅದರ ಹಿಂದಿನ ಕತೆ ಹಾಗಿಲ್ಲ. ಲೆಕ್ಕವನ್ನು ಮೊದಲೇ ಮಾಡಿಟ್ಟು ಪಟ್ಟಿಯಾಗಿ ಬರೆದುಕೊಳ್ಳುವ ಬುದ್ಧಿ ಸಾಲ ಕೊಡುವವರಿಗೆ ಬಹಳ ಮೊದಲೇ ಹೊಳೆದಿತ್ತು. ಯುರೋಪಿನ ದೊಡ್ಡ ಲೇವಾದೇವಿ ಮನೆತನಗಳು ಬಡ್ಡಿಯ ಪಟ್ಟಿಗಳನ್ನು ಕೈಬರಹದಲ್ಲಿ ಮಾಡಿಸಿ, ಹೊರಗಿನವರ ಕಣ್ಣಿಗೆ ಬೀಳದಂತೆ ಕಾಪಾಡುತ್ತಿದ್ದವು. ಸಾಲ ಪಡೆಯುವವನಿಗೆ ಲೆಕ್ಕ ಬಾರದಿದ್ದರೆ ಕೊಡುವವನಿಗೆ ಲಾಭ ತಾನೇ? 1582ರಲ್ಲಿ ಸೈಮನ್ ಸ್ಟೆವಿನ್ ಆಂಟ್‌ವರ್ಪ್‌ನಲ್ಲಿ ಬಡ್ಡಿಯ ಪಟ್ಟಿಗಳನ್ನು ಅಚ್ಚು ಹಾಕಿಸಿ ಎಲ್ಲರ ಕೈಗೆ ಕೊಟ್ಟುಬಿಟ್ಟ. ಆಂಟ್‌ವರ್ಪ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದ್ದವನು ಆತ. ಮೂರು ವರ್ಷದ ನಂತರ, 1585ರಲ್ಲಿ, ದಶಮಾಂಶ ಭಿನ್ನರಾಶಿಗಳನ್ನು ಜನಸಾಮಾನ್ಯರಿಗೆ ಕಲಿಸುವ ಪುಟ್ಟ ಪುಸ್ತಕ ಬರೆದವನೂ ಇವನೇ. ಈ ಮನುಷ್ಯನ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಓದಿದ ನೆನಪಿಲ್ಲ. ಅನ್ಯಾಯ.

ಇಲ್ಲಿಂದ ಮುಂದೆ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಬಾಗಿಲನ್ನು ಎರಡು ಕಡೆಯಿಂದ ತಟ್ಟಿದರು. ಯೋಸ್ಟ್ ಬ್ಯುರ್ಗಿ ಎಂಬ ಗಡಿಯಾರ ಮಾಡುವವನು 1620ರಲ್ಲಿ ಪ್ರಾಗ್‌ನಲ್ಲಿ ಒಂದು ಪಟ್ಟಿ ಅಚ್ಚು ಹಾಕಿಸಿದ. ಪ್ರತಿ ಸಂಖ್ಯೆಯೂ ಹಿಂದಿನದಕ್ಕಿಂತ ಹತ್ತು ಸಾವಿರದಲ್ಲಿ ಒಂದು ಪಾಲು ದೊಡ್ಡದು. ನೋಡಿದರೆ ಅಪ್ಪಟ ಚಕ್ರಬಡ್ಡಿ, ದರ ಮಾತ್ರ ಶೇಕಡಾ 0.01! ಒಂದು ಹತ್ತಾಗಲು ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಹೆಜ್ಜೆ ಬೇಕು. ಬ್ಯುರ್ಗಿಗಿಂತ ಮೊದಲೇ, 1614ರಲ್ಲಿ, ಸ್ಕಾಟ್ಲೆಂಡಿನ ಜಾನ್ ನೇಪಿಯರ್ ತನ್ನ ಲಘುಗಣಕಗಳನ್ನು ಪ್ರಕಟಿಸಿದ್ದ. ಇವನ ದಾರಿ ತಲೆಕೆಳಗು. ಒಂದು ಕೋಟಿಯಿಂದ ಶುರುಮಾಡಿ ಪ್ರತಿ ಹೆಜ್ಜೆಗೂ ಕೋಟಿಯಲ್ಲಿ ಒಂದು ಪಾಲು ಕಳೆಯುತ್ತಾ ಹೋದ. ಅಂದರೆ ಬ್ಯುರ್ಗಿಯದು ಬೆಳೆಯುವ ಹಣ, ನೇಪಿಯರನದು ಕರಗುವ ವಸ್ತು. ಸುಮಾರು ಇಪ್ಪತ್ತು ವರ್ಷ ಈ ಕೆಲಸದ ಮೇಲೆ ಕೂತಿದ್ದನಂತೆ. ಎರಡನೇ ಪಟ್ಟಿಯ ಕೊನೆಯ ಸಂಖ್ಯೆಯಲ್ಲಿ ಸಣ್ಣದೊಂದು ತಪ್ಪು ನುಸುಳಿ, ಅದು ಮುಂದಿನ ಅಂಕಿಗಳಿಗೂ ಹರಡಿತು. ಕ್ಯಾಲ್ಕುಲೇಟರ್ ಇಲ್ಲದೆ ಲೆಕ್ಕ ಮಾಡಿದ ಯಾರಿಗಾದರೂ ಇದನ್ನು ಓದಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವ ಚಟ ನನಗಿಲ್ಲ. ಆದರೂ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಒಂಬತ್ತನೇ ಶತಮಾನದ ಜೈನ ಆಚಾರ್ಯ ವೀರಸೇನರ 'ಧವಳಾ' ಟೀಕೆಯಲ್ಲಿ 'ಅರ್ಧಚ್ಛೇದ' ಎಂಬ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ ಅದು. ಎಂಟಕ್ಕೆ ಮೂರು, ಹದಿನಾರಕ್ಕೆ ನಾಲ್ಕು. ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ ಎಂಬುದೂ ಅವರಿಗೆ ಗೊತ್ತಿತ್ತು. ಲಾಗ್‌ನ ಜೀವಾಳವೇ ಇದು. ಆ ಗ್ರಂಥದ ತಾಳೆಗರಿಗಳು ಉಳಿದುಕೊಂಡದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಆದರೆ ಅದರಿಂದ ದಿನಬಳಕೆಯ ಲೆಕ್ಕಕ್ಕೆ ಪಟ್ಟಿ ಬೆಳೆಯಲಿಲ್ಲ, ಮೂಡುಬಿದಿರೆಯಿಂದ ಎಡಿನ್‌ಬರೋಗೆ ದಾರಿಯೂ ಇರಲಿಲ್ಲ. ಅದೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಬಡ್ಡಿಯ ಲೆಕ್ಕಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಅರ್ಧ ಮಾಡುವ ಎಣಿಕೆ ಒಂದು ಕಡೆ, ಬಡ್ಡಿ ಇನ್ನೊಂದು ಕಡೆ. ಎರಡೂ ಕೈಹಿಡಿಯಲಿಲ್ಲ.

ಎಡಿನ್‌ಬರೋಗೆ ವಾಪಸು ಬರೋಣ. 1615ರ ಬೇಸಿಗೆಯಲ್ಲಿ ಲಂಡನ್ನಿನ ಗ್ರೆಷಾಂ ಕಾಲೇಜಿನ ಜ್ಯಾಮಿತಿ ಪ್ರೊಫೆಸರ್ ಹೆನ್ರಿ ಬ್ರಿಗ್ಸ್, ಅಷ್ಟು ದೂರ ಪ್ರಯಾಣ ಮಾಡಿ ನೇಪಿಯರನ ಮನೆಗೆ ಬಂದು ಒಂದು ತಿಂಗಳು ಉಳಿದ. ಒಂದರ ಲಾಗ್ ಸೊನ್ನೆ ಆಗಲಿ, ಹತ್ತನ್ನು ಆಧಾರ ಮಾಡಿಕೊಳ್ಳೋಣ ಎಂದು ಇಬ್ಬರೂ ಒಪ್ಪಿದರು. ನಾವು ಕಾಲೇಜಿನಲ್ಲಿ ನೋಡುತ್ತಿದ್ದುದು ಈ ಒಪ್ಪಂದದ ಟೇಬಲ್ಲನ್ನೇ. 1617ರಲ್ಲಿ ನೇಪಿಯರ್ ತೀರಿಕೊಂಡ. ಬ್ರಿಗ್ಸ್ ಹತ್ತರ ವರ್ಗಮೂಲ, ಅದರ ವರ್ಗಮೂಲ, ಮತ್ತೆ ಅದರ ವರ್ಗಮೂಲ ಎಂದು ಐವತ್ತನಾಲ್ಕು ಸಲ ಕೈಯಿಂದಲೇ ತೆಗೆದ. 1624ರಲ್ಲಿ ಮೂವತ್ತು ಸಾವಿರ ಸಂಖ್ಯೆಗಳ ಲಾಗ್ ಅಚ್ಚಾಯಿತು, ಒಂದೊಂದೂ ಹದಿನಾಲ್ಕು ದಶಮಾಂಶಗಳವರೆಗೆ. ನಡುವೆ ಬಿಟ್ಟುಹೋದ ಸಂಖ್ಯೆಗಳನ್ನು 1628ರಲ್ಲಿ ಹಾಲೆಂಡಿನ ವ್ಲಾಕ್ ಹತ್ತು ದಶಮಾಂಶಗಳವರೆಗೆ ತುಂಬಿಸಿದ.

ಹದಿನಾಲ್ಕು ಅಂಕಿ ಯಾರಿಗೆ ಬೇಕಿತ್ತು? ಖಗೋಳದವರಿಗೆ ನಿಖರತೆ ಬೇಕಿತ್ತು, ನಿಜ. ಕೆಪ್ಲರ್ 1627ರ ತನ್ನ ಗ್ರಹಗಳ ಪಟ್ಟಿಗೆ ಲಾಗ್ ಬಳಸಿದ. ಆದರೆ ಲೋಲಕ ತೂಗುವ ಹುಡುಗನಿಗೆ ನಾಲ್ಕೇ ಹೆಚ್ಚು. ಅವನ ಗಡಿಯಾರ, ಅವನ ಸ್ಕೇಲು ಮೂರು ಅಂಕಿಗಿಂತ ಮುಂದೆ ಮಾತನಾಡುವುದಿಲ್ಲ. ಸ್ಲೈಡ್ ರೂಲ್ ಎಂಜಿನಿಯರುಗಳ ಜೇಬಿನಲ್ಲಿ ಮುನ್ನೂರು ವರ್ಷ ಬದುಕಿದ್ದೂ ಮೂರು ಅಂಕಿಯ ಭರವಸೆಯ ಮೇಲೆ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕುಲೇಟರ್ ಬಂದ ಮೇಲೆ ಅದರ ಕತೆ ಮುಗಿಯಿತು. ಹತ್ತು ಅಂಕಿ ಎಲ್ಲರಿಗೂ ಸಿಕ್ಕಿತು, ಬೇಕಾದವರಿಗೂ ಬೇಡದವರಿಗೂ.

ತಮ್ಮನಿಗೆ ಇನ್ನೊಂದು ಲೆಕ್ಕ ತೋರಿಸಿದೆ. ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. 30 ದಿನದ ಮೇಲೆ ಎಷ್ಟು ಉಳಿಯುತ್ತೆ? 30ನ್ನು 8ರಿಂದ ಭಾಗಿಸಿದರೆ 3.75. ಎರಡರ ಲಾಗ್ 0.3010ರಿಂದ ಗುಣಿಸಿದರೆ 1.1288, ಅದೂ ಋಣ ಚಿಹ್ನೆಯೊಂದಿಗೆ. ಟೇಬಲ್ಲಿನಲ್ಲಿ ಋಣ ಸಂಖ್ಯೆ ಇಲ್ಲವಲ್ಲ, ಆದ್ದರಿಂದ ತಲೆಯ ಮೇಲೆ ಗೆರೆ ಎಳೆದ ಎರಡು, ಅಂದರೆ ಬಾರ್ ಎರಡು, ಅದರ ಮುಂದೆ .8712. ಈ ಬಾರ್ ನನ್ನ ಎಷ್ಟು ಮಾರ್ಕು ನುಂಗಿದೆಯೋ ದೇವರೇ ಬಲ್ಲ. ಆಂಟಿಲಾಗ್ ನೋಡಿದರೆ 0.0743, ಅಂದರೆ ಶೇಕಡಾ 7.4 ಉಳಿಯುತ್ತದೆ. "ಇದು ಅಕ್ಕನ ಲೆಕ್ಕದ ಥರಾನೇ ಇದೆ, ಉಲ್ಟಾ ಅಷ್ಟೇ" ಅಂದ. ನೇಪಿಯರ್ ಮತ್ತು ಬ್ಯುರ್ಗಿಯ ಕತೆಯನ್ನು ಅವನು ಒಂದೇ ಸಾಲಿನಲ್ಲಿ ಮುಗಿಸಿದ್ದ!

ಅಕ್ಕನಿಗೆ ಮಾತ್ರ ಇನ್ನೂ ಇಪ್ಪತ್ತೆರಡು ರೂಪಾಯಿಯದೇ ಚಿಂತೆ. ಸರಿಯೇ. ಲೋಲಕದ ಹಾಗೆ ಹಣಕ್ಕೆ ಅಳತೆಯ ತಪ್ಪಿಲ್ಲ. ಹತ್ತು ಸಾವಿರ ಎಂದರೆ ಹತ್ತು ಸಾವಿರವೇ, ಎಂಟು ಎಂದರೆ ಎಂಟೇ. ತಪ್ಪು ಬಂದರೆ ಅದು ಲೆಕ್ಕ ಮಾಡಿದವನದು. 1.08ರ ಲಾಗ್‌ನಲ್ಲಿ 0.0334ರ ಮುಂದೆ ಇದ್ದ ಅಂಕಿಗಳನ್ನು ನನ್ನ ಟೇಬಲ್ಲು ಕತ್ತರಿಸಿತ್ತು, ಆ ಚೂರನ್ನು ನಾನು ಹದಿನೈದರಿಂದ ಗುಣಿಸಿದ್ದೆ. ಹಣದ ಲೆಕ್ಕಕ್ಕೆ ನಾಲ್ಕಂಕಿಯ ಟೇಬಲ್ಲು ಸಾಲದು. ಏಳಂಕಿಯ ಟೇಬಲ್ಲಿನಲ್ಲಿ 1.08ರ ಲಾಗ್ 0.0334238. ಹದಿನೈದರಿಂದ ಗುಣಿಸಿದರೆ 0.5013570. ಆಂಟಿಲಾಗ್‌ಗೆ ಅವಳ ಫೋನನ್ನೇ ಬಳಸಿದೆವು. 31,721.74 ಬಂತು.

"ಈಗ ಐದು ಪೈಸೆ ಜಾಸ್ತಿ ಆಯ್ತು" ಅಂದಳು.

"ಐದು ಪೈಸೆ ನಾಣ್ಯ 2011ರಲ್ಲೇ ನಿಂತುಹೋಯ್ತಮ್ಮ, ಬಿಡು" ಅಂದೆ.

ತಮ್ಮ ರೆಕಾರ್ಡಿನಲ್ಲಿ ಅಷ್ಟೂ ಅಂಕಿ ಹೊಡೆದು 9.8 ಎಂದು ಬರೆದ. ಲಾಗ್ ಟೇಬಲ್ಲನ್ನು ಅಕ್ಕ ತೆಗೆದುಕೊಂಡು ಹೋಗಿದ್ದಾಳೆ, ಇನ್ನೂ ವಾಪಸು ಕೊಟ್ಟಿಲ್ಲ.